ನೆಗೆಟಿವ್ ನೋಡಲು ಹೋಗಬೇಕು

ನೆಚ್ಚಿನ ಹಿರಿಯರನ್ನು ಹುಡುಕಿಕೊಂಡು ಹೋಗಿ ಎದುರಿಗೆ ಕೂರುವ ಅಗತ್ಯ ಬೇರೆ ಕಲೆಗಳಿಗಿಂತ ಛಾಯಾಗ್ರಹಣದಲ್ಲಿ ಹೆಚ್ಚು ಎಂದು ನಾನು ನಂಬುತ್ತೇನೆ. ಇದಕ್ಕೆ ಕಾರಣ ಈ ಕಲೆಯ ಸ್ವಭಾವದಲ್ಲೇ ಇದೆ. ಸಂಗೀತಗಾರ ರಾಗವನ್ನು ಬೆಳೆಸುವುದು ಕೇಳುವವರ ಕಣ್ಣೆದುರಿಗೆ. ಒಂದು ಸಂಗತಿ ಕೈಕೊಟ್ಟು ಇನ್ನೊಂದಕ್ಕೆ ಹೊರಳಿದ್ದೂ ಬಲ್ಲ ಕಿವಿಗೆ ತಿಳಿಯುತ್ತದೆ. ವರ್ಣಚಿತ್ರದ ಮೇಲೆ ಕುಂಚ ಓಡಿದ ಜಾಡು ಉಳಿದಿರುತ್ತದೆ. ಫೋಟೊ ಮಾತ್ರ ತನ್ನ ಹುಟ್ಟಿನ ಗುರುತನ್ನೆಲ್ಲ ಒರೆಸಿಕೊಂಡು ಗೋಡೆಗೇರುತ್ತದೆ. ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ 1955ರಲ್ಲಿ ಅಮೆರಿಕ ಸುತ್ತಲು ಹೊರಟು 27,000ಕ್ಕೂ ಹೆಚ್ಚು ಫ್ರೇಮು ತೆಗೆದರು. ‘ದಿ ಅಮೆರಿಕನ್ಸ್’ ಪುಸ್ತಕಕ್ಕೆ ಬಂದದ್ದು 83. ಆ 83ನ್ನು ಎಷ್ಟು ಸಲ ತಿರುವಿ ಹಾಕಿದರೂ ಉಳಿದ ಸಾವಿರಾರು ಏಕೆ ಬಿದ್ದುಹೋದವು ಎಂಬುದು ಹೊಳೆಯುವುದಿಲ್ಲ. ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ತೆಗೆದ ವಲಸೆ ತಾಯಿಯ ಚಿತ್ರವೂ ಹಾಗೆಯೇ. ಅದೇ ಗುಡಾರದ ಮುಂದೆ, ಅದೇ ಹೆಂಗಸನ್ನು ಇನ್ನಷ್ಟು ದೂರದಿಂದ ಹಿಡಿದ ಫ್ರೇಮುಗಳಿವೆ. ಅವುಗಳ ಪಕ್ಕದಲ್ಲಿಟ್ಟು ನೋಡಿದಾಗಲೇ ಲ್ಯಾಂಗ್ ಎಷ್ಟು ಹತ್ತಿರ ನಡೆದುಬಂದರು, ಚೌಕಟ್ಟಿನಿಂದ ಏನನ್ನೆಲ್ಲ ಹೊರಗಿಟ್ಟರು ಎಂಬುದು ಅರ್ಥವಾಗುವುದು. ಹಾಗಾಗಿ ಹಿರಿಯ ಛಾಯಾಗ್ರಾಹಕರ ಬಳಿಗೆ ಹೋಗುವವರು ನೋಡಬೇಕಾದದ್ದು ಅವರ ಮುಖವನ್ನಲ್ಲ, ಗೋಡೆಗೇರದೆ ಉಳಿದ ಅವರ ಕೆಲಸವನ್ನು.

ಈ ಮಾತಿಗೆ ನನಗೆ ಗೊತ್ತಿರುವ ಅತ್ಯುತ್ತಮ ಸಾಕ್ಷಿ 1930ರಲ್ಲಿ ನ್ಯೂ ಮೆಕ್ಸಿಕೊದ ಟಾವೋಸ್‌ನಲ್ಲಿ ನಡೆದ ಭೇಟಿ. ಆನ್ಸೆಲ್ ಆ್ಯಡಮ್ಸ್‌ಗೆ ಆಗ 28 ವರ್ಷ. ಪಿಯಾನೋ ವಾದಕನಾಗಲು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಆತ ಸಂಗೀತವೋ ಕ್ಯಾಮೆರಾವೋ ಎಂಬ ಗೊಂದಲದಲ್ಲಿದ್ದ. ಅಲ್ಲಿ ಎದುರಾದವರು ಪಾಲ್ ಸ್ಟ್ರ್ಯಾಂಡ್, ಅಷ್ಟರಲ್ಲಿ ಹೆಸರು ಮಾಡಿದ್ದ, 40ರ ಹತ್ತಿರದ ಛಾಯಾಗ್ರಾಹಕ. ತೋರಿಸಲು ಅವರ ಬಳಿ ಒಂದೇ ಒಂದು ಪ್ರಿಂಟ್ ಇರಲಿಲ್ಲ, ಇದ್ದದ್ದು ನೆಗೆಟಿವ್‌ಗಳು ಮಾತ್ರ. ಬಿಳಿ ಹಾಳೆಯನ್ನು ಹಿನ್ನೆಲೆಗೆ ಹಿಡಿದು, ಕಿಟಕಿಯ ಬೆಳಕಿನಲ್ಲಿ ಆ್ಯಡಮ್ಸ್ ಒಂದೊಂದನ್ನೇ ನೋಡುತ್ತಾ ಹೋದ. ಪಿಯಾನೋವನ್ನು ಬದಿಗಿಟ್ಟು ಇದನ್ನೇ ಹಿಡಿಯುತ್ತೇನೆಂಬ ನಿರ್ಧಾರ ಗಟ್ಟಿಯಾದದ್ದು ಅಲ್ಲಿ. ಅದೇ ವರ್ಷ ಆತ ಮುಗಿಸಿದ್ದ ‘ಟಾವೋಸ್ ಪ್ಯೂಬ್ಲೊ’ ಪುಸ್ತಕದ ಪ್ರಿಂಟ್‌ಗಳು ಒರಟು ಮೈಯ, ಹೊಳಪಿಲ್ಲದ ಕಾಗದದ ಮೇಲಿದ್ದವು. ಆಮೇಲೆ ಆತ ನುಣುಪಾದ ಹೊಳಪಿನ ಕಾಗದಕ್ಕೆ ಬಂದ, 1932ರಲ್ಲಿ ಗೆಳೆಯರೊಡನೆ, ಚಿತ್ರದ ಎಲ್ಲ ವಿವರವೂ ಚೂಪಾಗಿ ಕಾಣಬೇಕೆನ್ನುವ ‘ಎಫ್/64’ ಗುಂಪು ಕಟ್ಟಿದ. ಸ್ಟ್ರ್ಯಾಂಡ್ ಅಂದು ಮುಗಿದ ಪ್ರಿಂಟ್‌ಗಳನ್ನೇ ತೋರಿಸಿದ್ದರೆ ಆ್ಯಡಮ್ಸ್ ಮೆಚ್ಚಿಕೊಂಡು ಮರಳುತ್ತಿದ್ದನೇನೋ. ನೆಗೆಟಿವ್ ನೋಡಿದ್ದರಿಂದ, ಯಾವ ಬೆಳಕನ್ನು ಎಷ್ಟು ಉಳಿಸಿಕೊಂಡರು, ನೆರಳಿನೊಳಗೆ ಎಷ್ಟು ವಿವರ ಇಟ್ಟರು ಎಂಬ ಕಟ್ಟೋಣವೇ ಕಣ್ಣಿಗೆ ಬಿತ್ತು. ನೆಗೆಟಿವ್ ಸಂಗೀತದ ಸ್ವರಲಿಪಿ ಇದ್ದಂತೆ, ಪ್ರಿಂಟ್ ಅದರ ವಾದನ ಎಂದು ಆ್ಯಡಮ್ಸ್ ಮುಂದೆ ಜೀವನವಿಡೀ ಹೇಳುತ್ತಿದ್ದ. ಆ ಮಾತಿನ ಬೇರು ಟಾವೋಸ್‌ನ ಕಿಟಕಿಯ ಬಳಿ ಇದೆ ಎಂಬುದು ನನ್ನ ಊಹೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ಇವತ್ತು ಇದೆಲ್ಲ ಕುಳಿತಲ್ಲೇ ಸಿಗುತ್ತದಲ್ಲ? ಮ್ಯಾಗ್ನಂ ಸಂಸ್ಥೆಯ ಛಾಯಾಗ್ರಾಹಕರ, ಒಂದು ರೀಲಿನ ಫ್ರೇಮುಗಳನ್ನೆಲ್ಲ ಒಂದೇ ಹಾಳೆಯಲ್ಲಿ ಮುದ್ರಿಸಿದ ಕಾಂಟ್ಯಾಕ್ಟ್ ಶೀಟ್‌ಗಳು 2011ರಲ್ಲಿ ದಪ್ಪ ಪುಸ್ತಕವಾಗಿ ಬಂದಿವೆ, ಲ್ಯಾಂಗ್‌ರ ಆ ಫ್ರೇಮುಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಎಲ್ಲರಿಗೂ ತೆರೆದಿಟ್ಟಿದೆ. ಒಪ್ಪುತ್ತೇನೆ, ಮತ್ತು ಅವನ್ನು ನೋಡದೆ ಯಾರ ಮನೆಯ ಬಾಗಿಲನ್ನೂ ತಟ್ಟಬಾರದು ಎಂದೂ ಹೇಳುತ್ತೇನೆ. ಆದರೆ ಕಾಂಟ್ಯಾಕ್ಟ್ ಶೀಟಿನ ಮೇಲಿನ ಕೆಂಪು ಪೆನ್ಸಿಲಿನ ಗುರುತು ಯಾವುದನ್ನು ಆರಿಸಿದರು ಎಂದು ಮಾತ್ರ ಹೇಳುತ್ತದೆ. ಪಕ್ಕದ ಫ್ರೇಮು ಏಕೆ ಬೇಡವಾಯಿತು ಎಂದು ತಿಳಿಯಬೇಕಾದರೆ ಆರಿಸಿದವರನ್ನೇ ಕೇಳಬೇಕು. ಅದೂ ಅಲ್ಲದೆ ಹಿರಿಯರು ನಮ್ಮ ಚಿತ್ರ ನೋಡುವ ಬಗೆಯನ್ನು ಯಾವ ಪುಸ್ತಕವೂ ಕೊಡುವುದಿಲ್ಲ. 1933ರಲ್ಲಿ ಅದೇ ಆ್ಯಡಮ್ಸ್ ನ್ಯೂಯಾರ್ಕಿಗೆ ಹೋಗಿ, ಅಲ್ಲಿ ಗ್ಯಾಲರಿ ನಡೆಸುತ್ತಿದ್ದ ಹಿರಿಯ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್‌ರನ್ನು ಕಂಡ. ಸ್ಟೀಗ್ಲಿಟ್ಸ್ ಮೊದಲು ಗದರಿದಂತೆ ಮಾತಾಡಿ, ಆಮೇಲೆ ಬಾ ಎಂದು ಕಳಿಸಿದರು. ಮರಳಿ ಬಂದಾಗ ಇದ್ದ ಒಂದೇ ಕುರ್ಚಿಯಲ್ಲಿ ತಾವು ಕೂತು, ಆತ ತಂದಿದ್ದ ಪ್ರಿಂಟ್‌ಗಳನ್ನು ಮಾತಿಲ್ಲದೆ ಒಂದು ಸುತ್ತು ನೋಡಿ ಮುಗಿಸಿ, ಮತ್ತೆ ಮೊದಲಿನಿಂದ ನೋಡಿದರು. ಆ್ಯಡಮ್ಸ್ ಕೋಣೆ ಕಾಯಿಸುವ ರೇಡಿಯೇಟರಿನ ಮೇಲೆ ಕೂತಿದ್ದ. 1936ರಲ್ಲಿ ಆ ಗ್ಯಾಲರಿಯಲ್ಲೇ ಆತನ ಪ್ರದರ್ಶನ ನಡೆಯಿತು. ಒಂದು ಪ್ರಿಂಟಿನ ಮೇಲೆ ಎಷ್ಟು ಹೊತ್ತು ಕಣ್ಣು ನಿಲ್ಲಬೇಕು ಎಂಬುದನ್ನು ಬಲ್ಲವರ ಎದುರಿಗೆ ಕೂತೇ ಕಲಿಯಬೇಕು.

ಹಿರಿಯರು ನಿರಾಸೆ ಮಾಡಿಯಾರು, ದೂರದಿಂದ ಪೂಜಿಸುವುದೇ ಮೇಲು ಎನ್ನುವವರೂ ಇದ್ದಾರೆ. ಸ್ಟೀಗ್ಲಿಟ್ಸ್‌ರ ಆ ಮೊದಲ ಗದರಿಕೆಯೇ ಅವರಿಗೆ ಉತ್ತರ. ಕೆಲಸ ನೋಡಲು ಹೋದವನಿಗೆ ಮನುಷ್ಯನ ಸಿಡುಕು ದೊಡ್ಡ ಸಂಗತಿಯಾಗುವುದಿಲ್ಲ.

ಇದಕ್ಕಿಂತ ಗಂಭೀರವಾದ ಆತಂಕ ಅನುಕರಣೆಯದು: ಹತ್ತಿರ ಹೋದಷ್ಟೂ ನೆರಳಾಗುತ್ತೇವೆ ಎನ್ನುವುದು. ಇತಿಹಾಸ ನೋಡಿದರೆ ನನಗೆ ಕಾಣುವುದು ಬೇರೆ. ಜೈಪುರದ ಛಾಯಾಗ್ರಾಹಕ ರಘುಬೀರ್ ಸಿಂಗ್ ಹುಡುಗನಾಗಿದ್ದಾಗಲೇ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೆ-ಬ್ರೆಸಾನ್‌ರ ‘ಬ್ಯೂಟಿಫುಲ್ ಜೈಪುರ್’ ಪುಸ್ತಕ ನೋಡಿದ್ದವರು. 1966ರಲ್ಲಿ ಬ್ರೆಸಾನ್ ಜೈಪುರಕ್ಕೆ ಬಂದಾಗ ಅವರನ್ನು ಭೇಟಿಯಾಗಿ, ಬೀದಿಯಲ್ಲಿ ಕೆಲಸ ಮಾಡುವುದನ್ನು ಹತ್ತಿರದಿಂದ ಕಂಡರು. ಸಣ್ಣ ಕ್ಯಾಮೆರಾ, ಜನರ ನಡುವೆ ಕರಗಿ ನಿಲ್ಲುವ ಬಗೆ, ಚೌಕಟ್ಟಿನ ಮೂಲೆಮೂಲೆಯನ್ನೂ ದುಡಿಸಿಕೊಳ್ಳುವ ಶಿಸ್ತು, ಇವೆಲ್ಲವೂ ಸಿಂಗ್‌ರ ಕೆಲಸದಲ್ಲಿ ಕೊನೆಯವರೆಗೂ ಇವೆ. ಆದರೆ ಕಪ್ಪು-ಬಿಳುಪೇ ಛಾಯಾಗ್ರಹಣ ಎಂದು ನಂಬಿದ್ದ ಬ್ರೆಸಾನ್‌ರ ದಾರಿಯಿಂದ ಅವರು ಪೂರ್ತಿ ಹೊರಳಿದರು. ಗಂಗೆಯ ಮೇಲಿನ ಪುಸ್ತಕದಿಂದ ಹಿಡಿದು 1998ರ ‘ರಿವರ್ ಆಫ್ ಕಲರ್’ವರೆಗೆ ಬಣ್ಣದಲ್ಲೇ ದುಡಿದು, ಭಾರತವನ್ನು ಬಣ್ಣ ಬಿಟ್ಟು ನೋಡುವುದು ಇಲ್ಲಿಯ ಕಣ್ಣಿನ ರೀತಿಯೇ ಅಲ್ಲ ಎಂದು ವಾದಿಸಿದರು. ಈ ಅಗಲಿಕೆಗೆ ಆ ಭೇಟಿಯೇ ಅವಕಾಶ ಕೊಟ್ಟಿತು ಎಂದು ನನಗನಿಸುತ್ತದೆ. ಮುಗಿದ ಚಿತ್ರ ಮಾತ್ರ ಕಂಡವನಿಗೆ ಎಲ್ಲವೂ ಒಂದೇ ಮುದ್ದೆಯಾಗಿ ಕಾಣುತ್ತದೆ, ಅವನು ಇಡಿಯಾಗಿ ನಕಲು ಮಾಡುತ್ತಾನೆ. ಚಿತ್ರ ಆಗುವುದನ್ನು ಕಂಡವನಿಗೆ ಯಾವುದು ವಿಧಾನ, ಯಾವುದು ಬರಿಯ ಅಭಿರುಚಿ ಎಂದು ಬಿಡಿಸಿಕೊಳ್ಳಲು ಬರುತ್ತದೆ. ಫ್ರಾಂಕ್‌ರ ಕತೆಯೂ ದೂರದ್ದೇನಲ್ಲ. ಅಮೆರಿಕ ಸುತ್ತಲು ಅವರು ಹಾಕಿದ ಫೆಲೋಶಿಪ್ ಅರ್ಜಿಯ ಬೆನ್ನಿಗೆ ನಿಂತವರು ವಾಕರ್ ಇವಾನ್ಸ್, ಸ್ಟ್ಯಾಂಡಿನ ಮೇಲೆ ದೊಡ್ಡ ಕ್ಯಾಮೆರಾ ನಿಲ್ಲಿಸಿ ನೆಟ್ಟಗೆ, ನಿಶ್ಚಲವಾಗಿ ಚಿತ್ರ ತೆಗೆಯುತ್ತಿದ್ದವರು. ಫ್ರಾಂಕ್ ಅದೇ ಅಮೆರಿಕವನ್ನು ಕೈಯಲ್ಲಿ ಹಿಡಿದ ಲೈಕಾದಿಂದ, ಓರೆಯಾಗಿ, ಕಾಳು ಕಾಳಾಗಿ ಕಂಡರು.

ನಮ್ಮಲ್ಲಿಯೂ ಈ ಪರಂಪರೆ ಗಟ್ಟಿಯಾಗಿತ್ತು. ಬೆಂಗಳೂರಿನ ವನ್ಯಜೀವಿ ಛಾಯಾಗ್ರಹಣಕ್ಕೆ ಜಗತ್ತಿನ ಛಾಯಾಚಿತ್ರ ಸ್ಪರ್ಧಾ ಪ್ರದರ್ಶನಗಳಲ್ಲಿ ಬಂದ ಹೆಸರಿನ ಹಿಂದೆ ಟಿ.ಎನ್.ಎ. ಪೆರುಮಾಳ್ ಅವರಿದ್ದಾರೆ, ಅವರು ಬೆಳೆದದ್ದು ಓ.ಸಿ. ಎಡ್ವರ್ಡ್ಸ್ ಅವರ ಬಳಿ ಕಲಿತು. ಮುಂದೆ ಪೆರುಮಾಳ್ ಅವರ ಬಳಿ ಇನ್ನೊಂದು ತಲೆಮಾರು ಕಲಿಯಿತು. ಹಕ್ಕಿಯ ಚಿತ್ರದಲ್ಲಿ ಹಕ್ಕಿ ಇರುತ್ತದೆ. ಮರೆಯಲ್ಲಿ ಕಾದ ಹೊತ್ತು, ಅದು ಬೆದರಿದ್ದನ್ನು ಕಂಡು ಹಿಂದೆ ಸರಿದ ತಿಳಿವಳಿಕೆ ಅದರಲ್ಲಿ ಕಾಣುವುದಿಲ್ಲ. ಅದು ಜೊತೆಗೆ ನಡೆದವರಿಗೆ ಮಾತ್ರ ದಾಟುತ್ತದೆ. ಈಗ ಛಾಯಾಗ್ರಹಣದ ಕಾರ್ಯಕ್ರಮಗಳಲ್ಲಿ ಹಿರಿಯರ ಸುತ್ತ ಕಾಣುವುದು ಸೆಲ್ಫಿಗೆ ನಿಂತ ಸಾಲು. ಆ ಸಾಲಿನಲ್ಲಿ ಪ್ರೀತಿ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಕೈಯಲ್ಲಿ ಹತ್ತು ಪ್ರಿಂಟ್, ಬಾಯಲ್ಲಿ ಒಂದು ಒಳ್ಳೆಯ ಪ್ರಶ್ನೆ ಇಟ್ಟುಕೊಂಡು ಬಂದವರು ಅದರಲ್ಲಿ ಎಷ್ಟು ಮಂದಿ?

ಇಂಥ ಭೇಟಿಯಿಂದ ಹಿರಿಯರಿಗೇನು ಲಾಭ ಎಂದೂ ಕೇಳಬಹುದು. ಕಲಾವಿದ ಮ್ಯಾನ್ ರೇ ಅವರ ಸಹಾಯಕಿಯಾಗಿದ್ದ ಬೆರನಿಸ್ ಆ್ಯಬಟ್ 1925ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಯೂಜೀನ್ ಅಜೆಯ ಚಿತ್ರಗಳನ್ನು ಕಂಡು, ರೇ ಸ್ಟುಡಿಯೊದ ಬೀದಿಯಲ್ಲೇ ಇದ್ದ ಅಜೆಯ ಮನೆಗೆ ಹೋಗತೊಡಗಿದರು. ದಶಕಗಳಿಂದ ಹಳೆಯ ಪ್ಯಾರಿಸ್ಸನ್ನು ಗಾಜಿನ ಫಲಕಗಳಲ್ಲಿ ಹಿಡಿದಿಟ್ಟಿದ್ದ ಆ ಮುದುಕನನ್ನು ಕೇಳುವವರು ಕಡಿಮೆ ಇದ್ದರು. ಆ್ಯಬಟ್ ಕೈಯಲ್ಲಿ ಕಾಸಾದಾಗ ಪ್ರಿಂಟ್ ಕೊಂಡರು, 1927ರಲ್ಲಿ ಅವರ ಭಾವಚಿತ್ರವನ್ನೂ ತೆಗೆದರು. ಅದನ್ನು ತೋರಿಸಲು ಹೋಗುವಷ್ಟರಲ್ಲಿ ಅಜೆ ತೀರಿಕೊಂಡಿದ್ದರು. ಅಜೆಯ ಗೆಳೆಯ ಆಂದ್ರೆ ಕಾಲ್ಮೆತ್ ಬಳಿ ಉಳಿದಿದ್ದ ಫಲಕ, ಪ್ರಿಂಟ್‌ಗಳನ್ನು ಮರುವರ್ಷ ಕೊಂಡು, ನ್ಯೂಯಾರ್ಕಿಗೆ ಸಾಗಿಸಿ, ಕಡೆಗೆ 1968ರಲ್ಲಿ ಅಲ್ಲಿನ ಆಧುನಿಕ ಕಲೆಯ ಮ್ಯೂಸಿಯಂಗೆ ಸೇರುವವರೆಗೆ 40 ವರ್ಷ ಆ್ಯಬಟ್ ಕಾಪಾಡಿದರು. ಕರ್ನಾಟಕದಲ್ಲಿ ಫಿಲ್ಮಿನ ಕಾಲದ ಹಿರಿಯರು, ಊರೂರಿನ ಹಳೆಯ ಸ್ಟುಡಿಯೊದವರು ಇನ್ನೂ ನಮ್ಮೊಡನಿದ್ದಾರೆ. ಅವರ ನೆಗೆಟಿವ್‌ಗಳು ತಗಡಿನ ಡಬ್ಬಿಗಳಲ್ಲಿ, ಮಲೆನಾಡು ಕರಾವಳಿಯ ತೇವಕ್ಕೆ ಬೂಷ್ಟು ಹಿಡಿಯುತ್ತಿವೆ. ಕೆಲವು ಹಳೆಯ ಫಿಲ್ಮುಗಳ ಮೂಲಪದರವೇ ಶಿಥಿಲವಾಗಲು ತೊಡಗಿ, ಡಬ್ಬಿ ತೆರೆದರೆ ವಿನೆಗರಿನ ವಾಸನೆ ಬರುತ್ತದೆ. ಅವರನ್ನು ಕಾಣಲು ಹೋಗುವ ತರುಣ ತರುಣಿಯರು ಆ ಡಬ್ಬಿಗಳನ್ನು ತೆರೆಸಿ, ಯಾವ ಊರು, ಯಾವ ವರ್ಷ, ಯಾರು ಎಂದು ಅವರ ಬಾಯಿಂದಲೇ ಕೇಳಿ ಬರೆದುಕೊಂಡು, ಒಂದೊಂದು ಫಿಲ್ಮ್ ಪಟ್ಟಿಯನ್ನೂ ಆ್ಯಸಿಡ್ ಇಲ್ಲದ ಕಾಗದದ ಲಕೋಟೆಗೆ ಸೇರಿಸುವ ಕೆಲಸವನ್ನು ಈ ಮಳೆಗಾಲಕ್ಕೆ ಮೊದಲೇ ಶುರುಮಾಡಬೇಕು.