ಕಾಯುವವರ ಕಬಡ್ಡಿ

ಕಬಡ್ಡಿಯಲ್ಲಿ ಯಾರೂ ಚಪ್ಪಾಳೆ ತಟ್ಟದ ಘಳಿಗೆಯೊಂದಿದೆ. ರೈಡರ್ ಬರುತ್ತಾನೆ, ಬಾಕ್ ಲೈನ್ ದಾಟುತ್ತಾನೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡಾಡಿ ಯಾರನ್ನೂ ಮುಟ್ಟದೆ ಹಿಂತಿರುಗುತ್ತಾನೆ. ಖಾಲಿ ರೈಡ್. ನೋಯ್ಡಾದ ಸೆಕ್ಟರ್ 21ಎಯಲ್ಲಿರುವ ಒಳಾಂಗಣ ಕ್ರೀಡಾಂಗಣದಲ್ಲಿ ಪ್ರೊ ಕಬಡ್ಡಿ ನಡೆಯುವಾಗ ಜನ ಸಮೋಸಾ ತರಲು ಏಳುವುದು, ಮೊಬೈಲು ತೆಗೆಯುವುದು ಈ ಹೊತ್ತಿನಲ್ಲೇ. ಅಂಕಣದೊಳಗಿನ ಏಳು ಮಂದಿಯೂ ಮನಸ್ಸಿನಲ್ಲಿ ಹಾಗೇ ಎದ್ದುಹೋದರೆ ಕೆಟ್ಟಿತು. ಈ ಆಟದ ಅತಿ ಜಾಣ ಮೋಸಗಳೆಲ್ಲ ಹುಟ್ಟುವುದು ಖಾಲಿ ರೈಡಿನ ಹೊಟ್ಟೆಯಲ್ಲೇ.

ಯು.ಪಿ. ಯೋಧಾಸ್ ತಂಡಕ್ಕೆ ನೋಯ್ಡಾ ತವರು. ಹತ್ತನೇ ಆವೃತ್ತಿಯ ಪಂದ್ಯಗಳು ಇಲ್ಲಿಗೆ ಬಂದದ್ದು 2023ರ ಡಿಸೆಂಬರ್ 29ರಿಂದ ಹೊಸ ವರ್ಷದ ಜನವರಿ 3ರವರೆಗೆ. ಹನ್ನೊಂದನೆಯದು 2024ರ ನವೆಂಬರ್ 10ರಿಂದ ಡಿಸೆಂಬರ್ 1ರವರೆಗೆ, ಹತ್ತಿರಹತ್ತಿರ ಮೂರು ವಾರ. ಬೆಂಗಳೂರು ಬುಲ್ಸ್ ಆಡುವ ದಿನ ಗ್ಯಾಲರಿಯ ಯಾವುದೋ ಮೂಲೆಯಿಂದ ಕನ್ನಡದ ಕೂಗೂ ಏಳುತ್ತದೆ. ಕೂಗೆಲ್ಲ ರೈಡರ್‌ಗಳ ಹೆಸರಿಗೇ ಮೀಸಲು. ನನ್ನ ತಕರಾರು ಇರುವುದು ಇಲ್ಲಿ. ರೈಡರ್ ಮೋಸಗೊಳಿಸಿದರೆ ಅದು ಕಲೆ ಎನ್ನುತ್ತೇವೆ, ಮೋಸಹೋದವನನ್ನು ದಡ್ಡ ಎನ್ನುತ್ತೇವೆ. ಮೋಸಹೋಗದೆ ನಿಂತವನ ಬಗ್ಗೆ ಏನನ್ನೂ ಹೇಳುವುದಿಲ್ಲ, ಏಕೆಂದರೆ ಅವನು ಮಾಡಿದ್ದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಖಾಲಿ ರೈಡಿನ ಈ ಮೋಸಕ್ಕೆ ಹತ್ತಿರದ ನೆಂಟನಿದ್ದಾನೆ. ಹತ್ತು ಗಜ ಮುಂದೆ ಹೋಗಲು ತಂಡಕ್ಕೆ ನಾಲ್ಕು ಅವಕಾಶ. ಮೂರರಲ್ಲಿ ಆಗದಿದ್ದರೆ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸಿಬಿಡುತ್ತಾರೆ. ಅದಕ್ಕೆ ಪಂಟ್ ಎನ್ನುತ್ತಾರೆ, ಸೋಲೊಪ್ಪಿಕೊಂಡ ಒದೆತ. ಒದೆಯುವಂತೆ ನಟಿಸಿ ಓಡಿಬಿಟ್ಟರೆ ಅದು ಫೇಕ್ ಪಂಟ್. 1988ರ ಸೆಪ್ಟೆಂಬರ್ 17ರಂದು ಕ್ಲೆಮ್‌ಸನ್‌ನಲ್ಲಿ ಸ್ಕೋರು 21-21ರಲ್ಲಿ ಸಮ. ಆಟ ಮುಗಿಯಲು ಒಂದೂವರೆ ನಿಮಿಷ. ಫ್ಲೋರಿಡಾ ಸ್ಟೇಟ್ ತಂಡದ ಒದೆಯುವವನು ಚೆಂಡು ತನ್ನ ತಲೆಯ ಮೇಲೆ ಹಾರಿಹೋಯಿತೆಂಬಂತೆ ಜಿಗಿದ. ಕ್ಲೆಮ್‌ಸನ್ ಆಟಗಾರರು ಆ ಗಡಿಬಿಡಿಗೆ ಮರುಳಾಗಿ ಅತ್ತ ಹರಿದರು. ಚೆಂಡು ಅಷ್ಟರಲ್ಲಿ ಮಧ್ಯದಲ್ಲಿ ನಿಂತಿದ್ದ ಇನ್ನೊಬ್ಬನ ಕೈಸೇರಿ, ಲೀರಾಯ್ ಬಟ್ಲರ್‌ನ ಕಾಲುಗಳ ನಡುವೆ ದಾಟಿಯಾಗಿತ್ತು. ಬಟ್ಲರ್ ಒಂದು ಕ್ಷಣ ಸುಮ್ಮನೆ ನಿಂತು, ಆಮೇಲೆ 78 ಗಜ ಓಡಿದ. ಪಂದ್ಯ 24-21ರಿಂದ ಫ್ಲೋರಿಡಾ ಸ್ಟೇಟ್ ಪಾಲಾಯಿತು. ಆ ದೇಶದಲ್ಲಿ ಇಂಥದ್ದಕ್ಕೆ ಕಂಡುಕೊಂಡ ಮದ್ದು ತೀರಾ ನೀರಸವಾದದ್ದು: ಅನುಮಾನವಿದ್ದರೆ ಚೆಂಡು ಹಿಡಿದು ಓಡುವವರ ವಿಶೇಷ ಪಡೆಯನ್ನು ಕಳಿಸದೆ ಮಾಮೂಲು ರಕ್ಷಣಾ ಪಡೆಯನ್ನೇ ಮೈದಾನದಲ್ಲಿ ಉಳಿಸುವುದು, ಒಬ್ಬೊಬ್ಬನೂ ತನ್ನ ಜಾಗ ಬಿಡದಿರುವುದು.

ಕಬಡ್ಡಿಯಲ್ಲಿ ಅದೇ ಮದ್ದು ಕುಡಿಯುವುದು ಇನ್ನೂ ಕಷ್ಟ, ಏಕೆಂದರೆ ಇಲ್ಲಿ ಮೋಸ ಕೈಯಳತೆಯಲ್ಲಿ ನಡೆಯುತ್ತದೆ. ಪುರುಷರ ಅಂಕಣ ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್, ಅದರಾಚೆ ಒಂದು ಮೀಟರಿಗೆ ಬೋನಸ್ ಲೈನ್. ರೈಡರ್‌ಗೆ ಮೂವತ್ತು ಸೆಕೆಂಡು. ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದು ‘ಡು ಆರ್ ಡೈ’: ಅಂಕ ತರಬೇಕು, ಇಲ್ಲವೇ ಔಟಾಗಬೇಕು. ಹಾಗಾಗಿ ಮೊದಲ ಎರಡರಲ್ಲಿ ರೈಡರ್ ಕೈಕಟ್ಟಿಕೊಂಡು ಬರುತ್ತಾನೆಂದು ಎಲ್ಲರೂ ನಂಬಿರುತ್ತಾರೆ. ಬಾಕ್ ಲೈನ್ ದಾಟಿ ಬೆನ್ನು ತಿರುಗಿಸಿ ನಡೆಯುತ್ತಾನೆ. ಕವರ್ ಆಟಗಾರ ಅವನನ್ನು ಬೀಳ್ಕೊಡುವವನಂತೆ ಎರಡು ಹೆಜ್ಜೆ ಮುಂದೆ ಬರುತ್ತಾನೆ. ಥಟ್ಟನೆ ತಿರುಗಿದ ಕೈ ಅವನ ಭುಜ ಸವರುತ್ತದೆ. ಮುಗಿಯಿತು. ಕಷ್ಟದ ರೈಡ್ ‘ಡು ಆರ್ ಡೈ’ ಅಲ್ಲ, ಅದರಲ್ಲಿ ಉದ್ದೇಶ ಬಯಲಾಗಿರುತ್ತದೆ. ಕಷ್ಟದ್ದು ಅದರ ಹಿಂದಿನ ಎರಡು.

ಇನ್ನೊಂದು ಬಲೆ ಬೋನಸ್ಸಿನದು. ಒಂದು ಕಾಲು ಬೋನಸ್ ಗೆರೆಯ ಆಚೆ ಊರಿ ಇನ್ನೊಂದನ್ನು ಗಾಳಿಯಲ್ಲಿಟ್ಟರೆ ಒಂದು ಅಂಕ. ಆ ಕಾಲು ಕಂಡ ಕೂಡಲೇ ಕಾರ್ನರ್ ಆಟಗಾರನ ಕೈ ತುರಿಸುತ್ತದೆ. ಆಂಕಲ್ ಹೋಲ್ಡ್‌ಗೆ ಧುಮುಕುತ್ತಾನೆ, ಕಾಲು ಹಿಂದೆ ಸರಿದಿರುತ್ತದೆ, ನೆಲಕ್ಕೆ ಬಿದ್ದವನ ಬೆನ್ನು ಮುಟ್ಟಿ ರೈಡರ್ ಮನೆಗೆ ಹೋಗುತ್ತಾನೆ. ಬೋನಸ್ ಸಿಗುವುದು ಎದುರಿಗೆ ಆರು ಅಥವಾ ಏಳು ಜನ ಇದ್ದಾಗ ಮಾತ್ರ. ಐವರೇ ಉಳಿದಾಗ ಬೋನಸ್ ಗೆರೆಯ ಬಳಿ ಆಡುವ ಕಾಲಿಗೆ ತನ್ನದೇ ಬೆಲೆಯಿಲ್ಲ, ಅದು ಬರೀ ಎರೆ. ಇಷ್ಟು ಲೆಕ್ಕ ಗೊತ್ತಿರುವ ವೃತ್ತಿಪರರೂ ಐವರಿದ್ದಾಗ ಧುಮುಕುವುದನ್ನು ನೋಡಿದಾಗಲೆಲ್ಲ, ತರಬೇತಿಯಲ್ಲಿ ಹಿಡಿಯುವುದನ್ನಷ್ಟೇ ಕಲಿಸುತ್ತಾರೇನೋ, ಬಿಡುವುದನ್ನು ಕಲಿಸುವುದಿಲ್ಲವೇನೋ ಎನ್ನಿಸುತ್ತದೆ.

ರಕ್ಷಣೆಯಲ್ಲಿ ಎರಡು ಮನೋಧರ್ಮಗಳಿವೆ. ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಒಂದರ ಪ್ರತಿನಿಧಿ. ರೈಡರ್ ಯೋಚಿಸುವ ಮೊದಲೇ ಮೇಲೆರಗುವವನು. ಹತ್ತನೇ ಆವೃತ್ತಿಗೆ ಪುಣೇರಿ ಪಲ್ಟನ್ ಅವನಿಗೆ 2.35 ಕೋಟಿ ರೂಪಾಯಿ ಕೊಟ್ಟಿತು. ಅವನು 99 ಟ್ಯಾಕಲ್ ಅಂಕ ತಂದ, ತಂಡ ಪ್ರಶಸ್ತಿ ಗೆದ್ದಿತು. ಆಗ ಆ ತಂಡದ ಕೋಚ್ ಆಗಿದ್ದವರು ನಮ್ಮ ಬಿ.ಸಿ. ರಮೇಶ್, ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ. ಇನ್ನೊಂದು ಮನೋಧರ್ಮಕ್ಕೆ ನೋಯ್ಡಾದ ತಂಡದಲ್ಲೇ ಬಹುಕಾಲ ಬಲ ಕಾರ್ನರ್ ಕಾದ ನಿತೇಶ್ ಕುಮಾರ್. ಆರನೇ ಆವೃತ್ತಿಯಲ್ಲಿ ಒಂದೇ ಋತುವಿನಲ್ಲಿ ನೂರು ಟ್ಯಾಕಲ್ ಅಂಕ ಮುಟ್ಟಿದ ಮೊದಲ ಆಟಗಾರ. ಅವನ ಆಟದಲ್ಲಿ ನನಗೆ ಹಿಡಿಸುವುದು ಆ ನೂರಕ್ಕಿಂತ, ಹಿಡಿಯುವ ಮುನ್ನ ಅವನು ತೋರುವ ಜಿಪುಣತನ. ಶಾದ್ಲೂಯಿ ನೋಡಲು ಹೆಚ್ಚು ಸೊಗಸು, ಒಪ್ಪುತ್ತೇನೆ. ಆದರೆ ಮೊದಲೇ ಎರಗುವವನಿಗೆ ಬೆನ್ನ ಹಿಂದೆ ಆರು ಜನ ಶಿಸ್ತಿನವರು ಬೇಕು, ಪುಣೆಯಲ್ಲಿ ಅಂಥವರಿದ್ದರು. ಅವನನ್ನು ನೋಡಿ ಅನುಕರಿಸುವ ಹುಡುಗರ ತಂಡಗಳಲ್ಲಿ ಇರುವುದಿಲ್ಲ.

ತಂತ್ರವೊಂದು ಹೇಗೆ ಸವೆಯುತ್ತದೆ ಎಂಬುದಕ್ಕೆ ಪ್ರದೀಪ್ ನರ್ವಾಲ್‌ನ ಡುಬ್ಕಿ ಒಳ್ಳೆಯ ಪಾಠ. ಕೈಕೈ ಹಿಡಿದ ಚೈನಿನ ಅಡಿಯಲ್ಲಿ ಮುಳುಗಿ ಆಚೆ ಏಳುವ ಆ ಪಟ್ಟಿಗೆ 2017ರಲ್ಲಿ ಉತ್ತರವೇ ಇರಲಿಲ್ಲ. ಆ ವರ್ಷ ಪಟ್ನಾ ಪರ 369 ರೈಡ್ ಅಂಕ, ಹರ್ಯಾಣ ಸ್ಟೀಲರ್ಸ್ ವಿರುದ್ಧ ಒಂದೇ ರೈಡಿನಲ್ಲಿ ಎಂಟು. ಎಂಟನೇ ಆವೃತ್ತಿಗೆ ಯು.ಪಿ. ತಂಡ 1.65 ಕೋಟಿಗೆ ಅವನನ್ನು ಕೊಂಡಿತು. ಹನ್ನೊಂದನೆಯದರಲ್ಲಿ ಅವನು ಬುಲ್ಸ್ ಪಾಲಾದ, ಬುಲ್ಸ್ ಕೊನೆಯ ಸ್ಥಾನದಲ್ಲಿ ಮುಗಿಸಿತು. ಆ 369ನ್ನು ಅವನು ಮತ್ತೆ ಮುಟ್ಟಲಿಲ್ಲ. ವಯಸ್ಸು ಒಂದು ಕಾರಣ ನಿಜ. ಆದರೆ ಚೈನ್ ಕಟ್ಟುವವರೂ ಕಲಿತರು: ಕೈಗಳನ್ನು ಸೊಂಟಕ್ಕಿಂತ ಕೆಳಗಿಟ್ಟರು, ಮೂರನೆಯವನನ್ನು ಹಿಂದೆ ನಿಲ್ಲಿಸಿಕೊಂಡರು, ಅವನು ಮುಳುಗುವ ತನಕ ಸುಮ್ಮನಿದ್ದರು. ಹೊಸ ಹಿಡಿತವೇನನ್ನೂ ಕಂಡುಹಿಡಿಯಲಿಲ್ಲ.

ಹೀಗೆ ಕಾಯುವುದನ್ನು ಅಳೆಯುವ ಗೋಜಿಗೆ ಲೀಗ್ ಹೋಗುವುದಿಲ್ಲ. ಅದು ಲೆಕ್ಕವಿಡುವುದು ಟ್ಯಾಕಲ್ ಅಂಕ, ಸೂಪರ್ ಟ್ಯಾಕಲ್, ‘ಹೈ ಫೈವ್’. ಹರಾಜಿನಲ್ಲಿ ಬೆಲೆ ಕಟ್ಟುವುದೂ ಅವುಗಳಿಂದಲೇ. ‘ಡು ಆರ್ ಡೈ’ ರೈಡಿನಲ್ಲಿ ಗಡಿಯಾರವೇ ರಕ್ಷಕರ ಎಂಟನೆಯ ಆಟಗಾರ. ಬೋನಸ್ ಕೊಡದೆ, ಮೈ ಮುಟ್ಟಿಸಿಕೊಳ್ಳದೆ ಮೂವತ್ತು ಸೆಕೆಂಡು ಕಳೆದರೆ ಅಂಕ ತಾನಾಗಿ ಬರುತ್ತದೆ. ಆದರೆ ಹಾಗೆ ಬಂದ ಅಂಕ ಯಾವ ಡಿಫೆಂಡರ್‌ನ ಖಾತೆಗೂ ಸೇರದು. ಹೀಗಿರುವಾಗ ಇಪ್ಪತ್ತೈದನೇ ಸೆಕೆಂಡಿಗೆ ಧುಮುಕುವವನನ್ನು ಪೂರ್ತಿ ದೂರಲೂ ಆಗದು. ಅವನ ಮುಂದಿನ ವರ್ಷದ ಸಂಬಳ ಆ ಧುಮುಕಿನಲ್ಲಿದೆ.

ಕಾಯಲಾರದ್ದಕ್ಕೆ ತೆತ್ತ ಅತಿ ದುಬಾರಿ ದಂಡ ಹಾಂಗ್‌ಝೌನಲ್ಲಿ ಕಂಡಿತು. 2023ರ ಅಕ್ಟೋಬರ್ 7, ಏಷ್ಯನ್ ಗೇಮ್ಸ್ ಫೈನಲ್, ಭಾರತ-ಇರಾನ್ 28-28. ಉಳಿದದ್ದು ಒಂದು ನಿಮಿಷದ ಆಸುಪಾಸು. ಹಿಂದೊಮ್ಮೆ ಬುಲ್ಸ್‌ಗೆ ಪ್ರಶಸ್ತಿ ತಂದ ಫೈನಲಿನಲ್ಲಿ 22 ಅಂಕ ಗಳಿಸಿದ್ದ ಪವನ್ ಸೆಹ್ರಾವತ್ ‘ಡು ಆರ್ ಡೈ’ ರೈಡಿಗೆ ಹೋದ. ಅವನು ಯಾರನ್ನೂ ಮುಟ್ಟದೆ ಲಾಬಿಗೆ, ಅಂದರೆ ಮೈ ಮುಟ್ಟಿದ ಮೇಲಷ್ಟೇ ಕಾಲಿಡಬಹುದಾದ ಅಂಕಣದ ಅಂಚಿನ ಪಟ್ಟಿಗೆ, ಕಾಲಿಟ್ಟನೆಂದು ಇರಾನ್ ವಾದಿಸಿತು. ಬೆನ್ನಟ್ಟಿ ಲಾಬಿಗೆ ಬಂದ ಇರಾನಿನವರೂ ಔಟೆಂದು ಭಾರತ ಪಟ್ಟುಹಿಡಿಯಿತು. ಹಳೆಯ ನಿಯಮವೋ ಹೊಸದೋ ಎಂಬ ಜಗಳದಲ್ಲಿ ಪಂದ್ಯ ಸುಮಾರು ಒಂದು ಗಂಟೆ ನಿಂತು, ತೀರ್ಪು ಹಿಂದೆಮುಂದೆ ಹೊರಳಿ, ಕೊನೆಗೆ ಭಾರತ 33-29ರಿಂದ ಗೆದ್ದಿತು. ನಾವು ಚಿನ್ನಕ್ಕೆ ಹಿಗ್ಗಿದೆವು, ಅವರು ಅಂಪೈರ್‌ಗಳನ್ನು ಬೈದರು. ಫಜಲ್ ಅತ್ರಾಚಲಿ ನಾಯಕನಾಗಿದ್ದ ಆ ರಕ್ಷಣಾ ಪಡೆ ಜಗತ್ತಿನ ಅತ್ಯುತ್ತಮ ಪಡೆಗಳಲ್ಲೊಂದು. ಪವನ್ ಲಾಬಿಗೆ ಹೋದನೆಂಬ ಅವರ ವಾದವೇ ಸರಿಯಾಗಿದ್ದರೆ, ಅವನು ಆ ಕ್ಷಣಕ್ಕೇ ಔಟ್. ಬೆನ್ನಟ್ಟಿದವರು ಹಿಡಿಯಲು ಹೋದದ್ದು ಆಗಲೇ ಔಟಾಗಿದ್ದವನನ್ನು.