ಆಳ ಎಷ್ಟು?

ಉಚ್ಚಂಗಿದುರ್ಗದಿಂದ ಕಡಲು ಬಹಳ ದೂರ. ನಮಗೆ ಗೊತ್ತಿರುವ ನೀರೆಂದರೆ ಕೆರೆ, ಕೊಳವೆ ಬಾವಿ, ಕೋಟೆಯ ಮೇಲಿನ ಹೊಂಡ. ಗಾಳಿ ಮಾತ್ರ ಬೇಕಾದಷ್ಟಿದೆ. ಕೋಟೆ ಹತ್ತಿದವರ ಸೆರಗು ಹೆಗಲ ಮೇಲೆ ನಿಲ್ಲುವುದಿಲ್ಲ. ತಾಲ್ಲೂಕಿನ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಇಂಥ ಊರಿನ ಟೀಚರಮ್ಮ ಕಡಲ ಮೇಲಿನ ಒಂದು ಆಟದ ಬಗ್ಗೆ ಬರೆಯಲು ಕೂತಿದ್ದಾಳೆಂದರೆ ಅದಕ್ಕೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಾರಣ.

ಸಾಹಸ ಕ್ರೀಡೆಗಳ ಪ್ರಾಜೆಕ್ಟಿಗೆಂದು ಅವಳು ಯಾವುದೋ ಪತ್ರಿಕೆಯ ಪುರವಣಿಯಿಂದ ಒಂದು ಬಣ್ಣದ ಚಿತ್ರ ಕತ್ತರಿಸಿ ಅಂಟಿಸಿ ತಂದಿದ್ದಳು. ಒಬ್ಬ ಹೆಂಗಸು ತೆಳ್ಳನೆಯ ಹಲಗೆಯ ಮೇಲೆ ನಿಂತು, ಎತ್ತರದ ಹಾಯಿಯ ಅಡ್ಡಗೋಲನ್ನು ಹಿಡಿದು, ಬೆನ್ನು ನೀರಿಗೆ ತಾಗುವಷ್ಟು ಹಿಂದಕ್ಕೆ ಬಾಗಿದ್ದಾಳೆ. ಕೆಳಗೆ ಎರಡು ಸಾಲು: ಆಟದ ಹೆಸರು ವಿಂಡ್‌ಸರ್ಫಿಂಗ್, ವೇಗ ಗಂಟೆಗೆ ಎಂಬತ್ತು ಕಿಲೋಮೀಟರಿಗೂ ಹೆಚ್ಚು. ನಮ್ಮ ದಾವಣಗೆರೆ ಬಸ್ಸಿಗಿಂತ ಜೋರು ಎಂದು ಗಂಡುಹುಡುಗರು ಹೋ ಎಂದರು. ಚಿತ್ರ ತಂದವಳು ಮಾತ್ರ, “ಟೀಚರ್, ಅಲ್ಲಿ ನೀರು ಎಷ್ಟು ಆಳ ಐತ್ರಿ?” ಎಂದು ಕೇಳಿದಳು.

ನಾನು ಆ ಎರಡು ಸಾಲನ್ನು ಮತ್ತೊಮ್ಮೆ ಓದಿದೆ. ಆಳದ ಸುದ್ದಿ ಇರಲಿಲ್ಲ. “ಕಡಲಲ್ವೇನೆ, ಆಳ ಇದ್ದೇ ಇರ್ತದೆ” ಎಂದುಬಿಟ್ಟೆ. ನಾನು ಹೇಳಿದ್ದು ತಪ್ಪು. ತಪ್ಪೆಂದು ತಿಳಿಯಲು ನನಗೆ ಒಂದು ಬೇಸಿಗೆ ರಜೆ ಹಿಡಿಯಿತು. ಸಿಕ್ಕಿದ ವರದಿ, ಸಂದರ್ಶನಗಳನ್ನೆಲ್ಲ ಓದಿದೆ, ಮಗನ ಲ್ಯಾಪ್‌ಟಾಪಿನಲ್ಲಿ ಓಟದ ಚಿತ್ರಗಳನ್ನು ನೋಡಿದೆ. ಆಟ ಚೆನ್ನಾಗಿದೆ. ನನ್ನ ತಕರಾರಿರುವುದು ಅದರ ಬಗ್ಗೆ ಬರೆಯುವವರ ಮೇಲೆ.

ವೇಗದ ದಾಖಲೆಗಾಗಿ ಹಾಯಿಹಲಗೆ ಓಡಿಸುವವರು ಆಳದ ಕಡಲಿಗೆ ಹೋಗುವುದೇ ಇಲ್ಲ. ಆಳದ ಕಡಲಿನಲ್ಲಿ ಅಲೆ ಇರುತ್ತದೆ. ಅಲೆಯ ಮೇಲೆ ಹಲಗೆ ಕುಣಿಯುತ್ತದೆ, ಕುಣಿದರೆ ವೇಗ ಹೋಯಿತು. ಅವರಿಗೆ ಬೇಕಾದದ್ದು ಜೋರು ಗಾಳಿ, ಆದರೆ ಚಾಪೆ ಹಾಸಿದಂಥ ಮಟ್ಟಸ ನೀರು. ಎರಡೂ ಒಟ್ಟಿಗೆ ಸಿಗುವುದು ಹೇಗೆ? ಗಾಳಿಯ ದಿನ ನಿಮ್ಮೂರ ಕೆರೆಯ ದಂಡೆಗೆ ಹೋಗಿ ನೋಡಿ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ದಂಡೆಯ ಬುಡದಲ್ಲಿ ನೀರು ಸುಮ್ಮನಿರುತ್ತದೆ. ಎದುರು ಏರಿಗೆ ಮಾತ್ರ ಅಲೆ ಬಡಿಯುತ್ತಿರುತ್ತದೆ. ಅಲೆ ಏಳಬೇಕಾದರೆ ಗಾಳಿ ನೀರಿನ ಮೇಲೆ ಒಂದಷ್ಟು ದೂರ ಓಡಬೇಕು. ಅದಕ್ಕೇ ಇವರು ಮರಳದಿಬ್ಬದ ಮಗ್ಗುಲನ್ನು, ದಂಡೆಗೆ ಅಂಟಿದ ಆಳವಿಲ್ಲದ ನೀರನ್ನು ಹುಡುಕುತ್ತಾರೆ. ದಂಡೆಗೆ ಹತ್ತಿರವಾದಷ್ಟೂ ನೀರು ಮಟ್ಟಸ, ಓಟ ಜೋರು. ಹತ್ತಿರವಾದಷ್ಟೂ ತಳವೂ ಮೇಲೆ ಬರುತ್ತದೆ. ಇಡೀ ಆಟ ಈ ಎರಡರ ನಡುವೆ ಇದೆ.

ಆಸ್ಟ್ರೇಲಿಯಾದಲ್ಲಿ ವೇಗದ ಓಟಕ್ಕೆ ಹೆಸರಾದ ಸ್ಯಾಂಡಿ ಪಾಯಿಂಟ್ ಎಂಬಲ್ಲಿನ ಹಿನ್ನೀರಿಗೆ ‘ಶ್ಯಾಲೋ ಇನ್ಲೆಟ್’ ಎಂದೇ ಹೆಸರು. ಆಳವಿಲ್ಲ ಎಂದು ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ, ಪುಣ್ಯಾತ್ಮರು. ಇಂಗ್ಲೆಂಡಿನ ಸೌತೆಂಡ್ ಊರಿನ ಮುಂದೆ ಥೇಮ್ಸ್ ನದಿಯ ಅಳಿವೆ ಎಷ್ಟು ತೆಳುವೆಂದರೆ, ಹಡಗು ಹತ್ತಲು ಜನ 2 ಕಿಲೋಮೀಟರಿಗೂ ಉದ್ದದ ಕಟ್ಟೆಯನ್ನೇ ಕಟ್ಟಿಕೊಳ್ಳಬೇಕಾಯಿತು. ಇಳಿತದ ಹೊತ್ತಿಗೆ ಅಲ್ಲಿ ಕಡಲು ಹಿಂದೆ ಸರಿದು ಕೆಸರು ಕಾಣುತ್ತದೆ. ಹಾಯಿಹಲಗೆಯವರು ಆ ಕೆಸರಿನಲ್ಲಿ ಸಾಮಾನು ಹೊತ್ತು ನಡೆದು, ಉಳಿದಿರುವ ಕಾಲುವೆಯಂಥ ನೀರಿನಲ್ಲಿ ಓಡುತ್ತಾರೆ. ಆಫ್ರಿಕಾದ ನಮೀಬಿಯಾ ದೇಶದ ಲ್ಯೂಡೆರಿಟ್ಸ್ ಎಂಬಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಓಟಕ್ಕೆಂದೇ ದಂಡೆಯಲ್ಲಿ ಕಿರಿದಾದ ಕಾಲುವೆ ಅಗೆದರು. 2015ರಲ್ಲಿ ಫ್ರಾನ್ಸಿನ ಆಂತ್ವಾನ್ ಅಲ್ಬೋ ಅಲ್ಲಿ 53.27 ನಾಟ್ ವೇಗ ಮುಟ್ಟಿದರು. ಗಂಟೆಗೆ 98 ಕಿಲೋಮೀಟರಿಗೂ ಮೇಲು. 2017ರಲ್ಲಿ ಬ್ರಿಟನ್ನಿನ ಝಾರಾ ಡೇವಿಸ್ ಹೆಂಗಸರ ಪೈಕಿ 46.49 ನಾಟ್, ಎಂದರೆ 86 ಕಿಲೋಮೀಟರ್ ಮುಟ್ಟಿದರು. ಆಮೇಲೆ ಬಂದವರು ಅವನ್ನೂ ದಾಟಿದ್ದಾರೆ. ಈ ಲೆಕ್ಕವೆಲ್ಲ 500 ಮೀಟರ್ ದೂರದ ಸರಾಸರಿ. ಅಲ್ಬೋ ಅವರ ಓಟ ಎಷ್ಟು ಹೊತ್ತಿನದು ಎಂದು ಮಕ್ಕಳಿಂದ ಲೆಕ್ಕ ಮಾಡಿಸಿದೆ. ಹದಿನೆಂಟು ಸೆಕೆಂಡು ಚಿಲ್ಲರೆ. ಹಾಜರಿ ಕರೆಯುವಾಗ ಅಷ್ಟರಲ್ಲಿ ನಾನು ಹತ್ತು ಹೆಸರನ್ನೂ ದಾಟಿರುವುದಿಲ್ಲ.

ಈಗ ವರದಿಗಳ ಕಡೆಗೆ ಬರೋಣ. ಇವುಗಳಲ್ಲಿ ಬರುವ ಕ್ರಿಯಾಪದಗಳನ್ನು ಗಮನಿಸಿ. ಕಡಲನ್ನು ಗೆದ್ದಳು, ಅಲೆಗಳನ್ನು ಮಣಿಸಿದಳು, ಗಾಳಿಯನ್ನು ಪಳಗಿಸಿದಳು. ಎಲ್ಲವೂ ಯುದ್ಧದಿಂದ ತಂದ ಮಾತುಗಳು. ಯಾರೂ ಕಡಲನ್ನು ಗೆದ್ದಿಲ್ಲ. ಕಡಲು ಹೆಚ್ಚುಕಡಿಮೆ ಇಲ್ಲದ ಜಾಗವನ್ನು ಹುಡುಕಿಕೊಂಡು ಹೋಗಿ ಓಡಿದ್ದಾರೆ. ಅದು ಅವಮಾನದ ಮಾತಲ್ಲ. ಅಂಥ ಜಾಗ ಹುಡುಕುವುದೇ ಅವರ ವಿದ್ಯೆ. ಆ ವಿದ್ಯೆಯನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ಅಚ್ಚು ಹಾಕಿದರೆ ಓದುವವರಿಗೆ ಸಿಗುವುದೇನು?

ಅಪಾಯ ಬರೆಯುವಾಗಲೂ ಇದೇ ಕಥೆ. ‘ಪ್ರಾಣದ ಹಂಗು ತೊರೆದು’ ಎಂಬ ಮಾತು ತಪ್ಪದೆ ಬರುತ್ತದೆ, ಒಗ್ಗರಣೆಗೆ ಸಾಸಿವೆ ಬಂದಂತೆ. ಆದರೆ ಚಿತ್ರ ನೋಡಿದರೆ ತಲೆಗೆ ಹೆಲ್ಮೆಟ್ ಇದೆ, ಎದೆಗೆ ಪೆಟ್ಟು ತಡೆಯುವ ದಪ್ಪ ಅಂಗಿ ಇದೆ. ಪ್ರಾಣದ ಹಂಗು ತೊರೆದವರು ಹೆಲ್ಮೆಟ್ ಹಾಕಿಕೊಳ್ಳುವುದಿಲ್ಲ. ಅವರು ಯಾವುದಕ್ಕೆ ಹೆದರಿ ಅದನ್ನು ಹಾಕಿಕೊಂಡಿದ್ದಾರೆ ಎಂಬುದನ್ನು ವರದಿಗಾರ ಕೇಳಬೇಕಿತ್ತು.

ನಾನು ಓದಿ ತಿಳಿದದ್ದು ಇಷ್ಟು. ಹಲಗೆಯ ತಳದಲ್ಲಿ, ಹಿಂಬದಿಗೆ, ಮೀನಿನ ರೆಕ್ಕೆಯಂಥ ಒಂದು ಅಲಗು ಇರುತ್ತದೆ. ಅದಿಲ್ಲದಿದ್ದರೆ ಹಲಗೆ ಅಡ್ಡಡ್ಡ ಜಾರುತ್ತದೆ. ಓಡಿಸುವವಳ ಕಾಲು ಹಲಗೆಯ ಪಟ್ಟಿಗಳಲ್ಲಿ ಸಿಕ್ಕಿಕೊಂಡಿರುತ್ತದೆ, ಸೊಂಟದ ಪಟ್ಟಿಯ ಕೊಕ್ಕೆ ಹಾಯಿಯ ಅಡ್ಡಗೋಲಿನ ಹಗ್ಗಕ್ಕೆ ಸಿಕ್ಕಿರುತ್ತದೆ. ಕೈಯ ಬಲ ಸಾಲದ್ದರಿಂದ ಮೈಭಾರವನ್ನೇ ಗಾಳಿಗೆ ಎದುರಾಗಿ ತೂಗಿಹಾಕುವ ಉಪಾಯ ಅದು. ಹೀಗೆ ಹೋಗುತ್ತಿರುವಾಗ ಆ ಅಲಗು ಮರಳಿಗೆ ತಗುಲಿತೆನ್ನಿ. ಹಲಗೆ ಅಲ್ಲೇ ನಿಲ್ಲುತ್ತದೆ, ಮನುಷ್ಯಳು ನಿಲ್ಲುವುದಿಲ್ಲ. ಕೊಕ್ಕೆ ಬಿಡದೆ ಹಾಯಿಯ ಜೊತೆಗೇ ಕವಣೆಯ ಕಲ್ಲಿನಂತೆ ಮುಂದಕ್ಕೆ ಎಸೆಯಲ್ಪಡುತ್ತಾಳೆ. ಹಾಯಿಗಂಬಕ್ಕೆ ತಲೆ ಬಡಿಯಬಹುದು. ಪಟ್ಟಿಯಿಂದ ಬಿಡಿಸಿಕೊಳ್ಳದ ಪಾದ ಹಿಂದೆಯೇ ಉಳಿದು ಕಣಕಾಲು ತಿರುಚಬಹುದು. ಆಳದ ನೀರಾಗಿದ್ದರೆ ಮುಳುಗಿ ಏಳುತ್ತಿದ್ದಳು. ಇಲ್ಲಿ ನೀರಿನ ಕೆಳಗೆ ಒಂದೆರಡು ಅಡಿಯಲ್ಲೇ ನೆಲ. ಕತ್ತಿಗೆ, ಬೆನ್ನುಮೂಳೆಗೆ ಭಯವಿರುವುದು ಅಲ್ಲಿ. ಇದಕ್ಕೇ ಅವರು ಅಲಗನ್ನು ಗಿಡ್ಡ ಮಾಡುತ್ತಾರೆ, ಇಳಿತದ ಹೊತ್ತಿನಲ್ಲಿ ಓಟದ ದಾರಿಯನ್ನು ಮೊದಲು ನಡೆದು ನೋಡುತ್ತಾರೆ. ಮರಳು ನಿನ್ನೆ ಇದ್ದಲ್ಲಿ ಇಂದು ಇರುವುದಿಲ್ಲ.

ಇನ್ನೊಂದು ಅಪಾಯ ಗಾಳಿಯ ದಿಕ್ಕಿನದು. ನೀರನ್ನು ಮಟ್ಟಸವಾಗಿಡುವ ಗಾಳಿ ಬಹಳ ಕಡೆ ನೆಲದಿಂದ ಕಡಲಿಗೆ ಬೀಸುವಂಥದು. ಹಾಯಿ ಮುರಿದರೆ, ಕೈ ಸೋತರೆ, ಅದೇ ಗಾಳಿ ದಂಡೆಯಿಂದ ಒಳಕ್ಕೆ ತಳ್ಳಿಕೊಂಡು ಹೋಗುತ್ತದೆ. ಮೊಣಕಾಲುದ್ದ ನೀರಿನಲ್ಲಿ ಶುರುವಾದದ್ದು ಎಲ್ಲಿ ಮುಗಿಯುತ್ತದೋ. ಸೌತೆಂಡಿನಂಥ ಕಡೆ ಭರತ ತಿರುಗಿ ಬಂದರೆ, ನಡೆದು ಬಂದ ಕೆಸರೇ ನೀರಾಗುತ್ತದೆ.

ಆಳವಿಲ್ಲದ ನೀರಿನ ಒಳ್ಳೆಯದನ್ನೂ ಹೇಳಬೇಕು. ಬಿದ್ದರೆ ಎದ್ದು ನಿಲ್ಲಬಹುದು, ಕಲಿಯುವವರಿಗೆ ಅದಕ್ಕಿಂತ ಬೇರೆ ಶಾಲೆಯಿಲ್ಲ. ಆದರೆ ನಿಧಾನಕ್ಕೆ ಕಲಿಯುವವಳನ್ನು ಕಾಯುವ ನೆಲವೇ ವೇಗದವಳನ್ನು ಮುರಿಯುತ್ತದೆ. ಒಲಿಂಪಿಕ್ಸಿನ ಆಟವಂತೂ ಬೇರೆಯೇ. ಅಲ್ಲಿ ತೇಲುಗುರುತುಗಳನ್ನು ಸುತ್ತಿ ಬರುವ ಪೈಪೋಟಿ. ಗಂಡಸರಿಗೆ 1984ರಲ್ಲಿ, ಹೆಂಗಸರಿಗೆ 1992ರಲ್ಲಿ ಶುರುವಾಯಿತು. 1996ರಲ್ಲಿ ಹಾಂಗ್‌ಕಾಂಗಿನ ಲೀ ಲೈ ಶಾನ್ ಎಂಬ ಹುಡುಗಿ ತನ್ನ ನಾಡಿಗೆ ಮೊದಲ ಚಿನ್ನ ತಂದದ್ದು ಈ ಆಟದಲ್ಲೇ. 2024ರ ಪ್ಯಾರಿಸ್ ಕೂಟದಲ್ಲಿ ಬಳಸಿದ ಹಲಗೆಗಳ ಕೆಳಗೆ ಹತ್ತಿರ ಹತ್ತಿರ ಒಂದು ಮೀಟರ್ ಉದ್ದದ ಕಾಲಿದೆ, ಅವು ನೀರಿನ ಮೇಲೆ ಎದ್ದು ಹಾರುತ್ತವೆ. ಅವಕ್ಕೆ ತೆಳು ನೀರು ಆಗಿಬರುವುದಿಲ್ಲ. ನಮ್ಮ ಇಬಾದ್ ಅಲಿ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಕಂಚು ಗೆದ್ದಾಗಲೂ ಪದಕದ ಸುದ್ದಿ ಓದಿದೆನೇ ಹೊರತು, ಆ ನೀರು ಎಂಥದು, ಗಾಳಿ ಎಂಥದು ಎಂಬ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಇದರಿಂದ ನಿಮಗೇಕೆ ಇಷ್ಟು ಸಂಕಟ ಎಂದು ಕೇಳುವವರಿಗೆ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ಕರಾವಳಿಯ ಒಂದೂರು, ಹೊಳೆ ಕಡಲಿಗೆ ಸೇರುವ ಜಾಗ. ಕಡಲನ್ನೇ ನೋಡದ ಮಕ್ಕಳು, ತಡೆದರೆ ನಿಲ್ಲುವರೇ? “ಮೊಣಕಾಲುದ್ದ ನೀರಿರೋ ಕಡೆ ಮಾತ್ರ ಇಳೀರಿ” ಎಂದು ನಾನೇ ಅಪ್ಪಣೆ ಕೊಟ್ಟೆ, ಬಹಳ ಜವಾಬ್ದಾರಿಯ ಮಾತು ಆಡಿದವಳಂತೆ. ಒಬ್ಬ ಹುಡುಗಿ ಮೊಣಕಾಲುದ್ದದಲ್ಲೇ ನಿಂತಿದ್ದಳು. ಬಂದ ಅಲೆ ವಾಪಸು ಹೋಗುವಾಗ ಅವಳ ಪಾದದ ಕೆಳಗಿನ ಮರಳನ್ನೇ ಬಾಚಿಕೊಂಡು ಹೋಯಿತು. ಅವಳು ಕೂತುಬಿಟ್ಟಳು, ಮುಂದಿನ ಅಲೆ ಉರುಳಿಸಿತು, ಅದರ ಹಿಂದಿನದು ಎಳೆಯಿತು. ನನಗೆ ಈಜು ಬಾರದು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಒಬ್ಬ ಹೆಂಗಸು ಸೀರೆ ಎತ್ತಿಕಟ್ಟಿ ಓಡಿ ಬಂದು ಹುಡುಗಿಯ ಜಡೆ ಹಿಡಿದು ಎಳೆದು ಹಾಕಿದಳು. ನನ್ನನ್ನು ಒಮ್ಮೆ ನೋಡಿ, “ಅಮ್ಮ, ಇದು ಅಳಿವೆ ಅಲ್ವಾ? ಇಲ್ಲಿ ಆಳ ಒಂದೇ ಕಡೆ ನಿಲ್ಲೂದಿಲ್ಲ” ಎಂದಳು. ಕಾಲನ್ನು ಎತ್ತಿ ಇಡಬೇಡಿ, ಎಳೆದುಕೊಂಡು ನಡೆಯಿರಿ, ತೊರಕೆ ಮೀನಿನ ಮುಳ್ಳು ತಾಗುತ್ತದೆ ಎಂದೂ ಹೇಳಿದಳು. ಎರಡು ನಿಮಿಷದಲ್ಲಿ ಅವಳು ಹೇಳಿದ್ದನ್ನು ನಾನು ಯಾವ ಪ್ರವಾಸಿ ಕೈಪಿಡಿಯಲ್ಲೂ ಓದಿರಲಿಲ್ಲ.

2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆ ಸುದ್ದಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾರದು ತಪ್ಪು ಎಂದು ಎಲ್ಲರೂ ಬರೆದರು, ಬರೆಯಬೇಕಾದದ್ದೇ. ತೆಳು ನೀರು ಹೇಗೆ ಎಳೆಯುತ್ತದೆ, ಸೆಳೆತಕ್ಕೆ ಸಿಕ್ಕವರು ದಂಡೆಗೆ ನೇರವಾಗಿ ಹೋರಾಡದೆ ದಂಡೆಯ ಉದ್ದಕ್ಕೂ ಪಕ್ಕಕ್ಕೆ ಸರಿಯಬೇಕು ಎಂಬುದನ್ನೂ ಬರೆಯಬಹುದಿತ್ತು ಎನ್ನಿಸಿತು.

ನಮ್ಮ ಸಾಹಿತ್ಯ ಈ ವಿಷಯದಲ್ಲಿ ಪತ್ರಿಕೆಗಳಿಗಿಂತ ವಾಸಿ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಓದಿದವರಿಗೆ ಕಡಲಿಗೂ ಹಿನ್ನೀರಿಗೂ ನಡುವಿನ ಮರಳಪಟ್ಟಿಯ ಬದುಕು ಮರೆಯದು. ಅಲ್ಲಿಯ ಪಾರೋತಿ, ಸರಸೋತಿಯರು ಕಡಲಿನ ಮೇಲೆ ಸವಾರಿ ಮಾಡುವವರಲ್ಲ, ಅದರ ಪಕ್ಕದಲ್ಲಿ ದುಡಿಯುವವರು. ಕಾರಂತರು ನೀರನ್ನು ಎಲ್ಲೂ ಬರಿಯ ಚೆಲುವಿನ ಚಿತ್ರ ಮಾಡುವುದಿಲ್ಲ. ಓದುತ್ತ ಹೋದಂತೆ ಅದು ಎಲ್ಲಿಯವರೆಗೆ ಬರುತ್ತದೆ, ಏನು ತರುತ್ತದೆ, ಏನು ಒಯ್ಯುತ್ತದೆ ಎಂಬುದು ನಮಗೇ ಗೊತ್ತಾಗುತ್ತದೆ. ಆಟದ ವರದಿ ಬರೆಯುವವರು ಅದನ್ನು ಒಮ್ಮೆ ಓದಿಕೊಳ್ಳಲಿ ಎಂದರೆ ನಗುತ್ತಾರೇನೋ.

ಅದೇ ಕರಾವಳಿಯಲ್ಲಿ ಈಗ ಹುಡುಗಿಯರು ಹಲಗೆ ಹತ್ತಿದ್ದಾರೆ. ಕೋಡಿ ಬೆಂಗ್ರೆಯಲ್ಲಿ ಇಶಿತಾ ಮಾಳವಿಯಾ 2007ರಿಂದ ಸರ್ಫಿಂಗ್ ಬೆಳೆಸಿದರು. ಮುಲ್ಕಿಯಲ್ಲಿ ಕಲಿತ ತನ್ವಿ ಜಗದೀಶ್ ಹಲಗೆಯ ಮೇಲೆ ನಿಂತು ಹುಟ್ಟುಹಾಕುವ ಸ್ಪರ್ಧೆಯಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಇವೆರಡೂ ಅಳಿವೆಯ ಊರುಗಳು. ಇವರ ಬಗ್ಗೆ ಬಂದ ಬರಹಗಳಲ್ಲಿ ನಾನು ಓದಿದ್ದು ಬಹುಪಾಲು ಮೊದಲ ಮಹಿಳೆ, ಮನೆಯವರ ಆತಂಕ, ಬಿಸಿಲಿಗೆ ಕಪ್ಪಾಗುವ ಮೈ. ಅದೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಮರಳು ದಿನಕ್ಕೊಂದು ಕಡೆ ಕೂರುವ ಆ ನೀರನ್ನು ಬೆಳಗಾಗೆದ್ದು ನೋಡಿ, ಇಂದು ಇಳಿಯಬಹುದು, ಇಂದು ಬೇಡ ಎಂದು ಅವರು ಹೇಗೆ ತೀರ್ಮಾನಿಸುತ್ತಾರೆ? ನನ್ನ ಶಾಲೆಯ ಹುಡುಗಿಯರು ಕೇಳುವ ಪ್ರಶ್ನೆ ಅದು. ಅವರಿಗೆ ಮನೆಯಲ್ಲಿ ಸಿಗುವ ಮಾತು ‘ಬೇಡ’, ಪುರವಣಿಯಲ್ಲಿ ಸಿಗುವ ಮಾತು ‘ಆಹಾ’.

ರಜೆ ಮುಗಿದ ಮೇಲೆ ಆ ಹುಡುಗಿಯನ್ನು ಕರೆದು, ನಾನು ಹೇಳಿದ್ದು ತಪ್ಪು, ಅಂಥ ಓಟ ನಡೆಯುವಲ್ಲಿ ನೀರು ನಿನ್ನ ಸೊಂಟದವರೆಗೂ ಬರುವುದು ಅಪರೂಪ ಎಂದೆ. ಅವಳು ನಂಬಲಿಲ್ಲ. ತಳ, ಅಲಗು, ಕೊಕ್ಕೆ ಎಲ್ಲವನ್ನೂ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, “ಹಂಗಾರೆ ಬಿದ್ರೆ ಮುಳುಗಲ್ಲ, ಮುರೀತೈತಿ ಅಲ್ರಿ ಟೀಚರ್?” ಎಂದಳು. ಹೌದು ಎಂದೆ. ಆಲ್ಬಮ್ಮಿನಲ್ಲಿ ವೇಗದ ಸಾಲಿನ ಕೆಳಗೆ ಪೆನ್ಸಿಲಿನಿಂದ ‘ಆಳ’ ಎಂದು ಬರೆದು, ಮುಂದೆ ಎರಡು ಚುಕ್ಕಿ ಇಟ್ಟು, ಆ ಚಿತ್ರದ ಜಾಗದ್ದು ಎಷ್ಟು ಎಂದು ಪತ್ರಿಕೆಯವರಿಗೆ ಕಾಗದ ಬರೆದು ಕೇಳೋಣವೇ ಎಂದು ನನ್ನ ಮುಖ ನೋಡಿದಳು. ವಿಳಾಸ ಹುಡುಕಿ ಕೊಟ್ಟೆ.