ಐದು ಸೆಕೆಂಡಿನ ಒಪ್ಪಿಗೆ

ಕಳೆದ ಮಳೆಗಾಲದಲ್ಲಿ ಹೊಸನಗರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಮುಕ್ಕಾಲು ಗಂಟೆ ಕೂತಿದ್ದೆ. ಅಕ್ಕನ ಮಗಳ ಹಾಸ್ಟೆಲ್ ಅರ್ಜಿಗೆ ಸರ್ಟಿಫಿಕೇಟು ಬೇಕಿತ್ತು. ಅಂಗಡಿಯ ಹುಡುಗ ವಿವರವೆಲ್ಲ ತುಂಬಿ ಪ್ರಿಂಟ್ ಒತ್ತಿದ. ಪರದೆಯ ಮೇಲಿನ ಚಕ್ರ ತಿರುಗಿ ತಿರುಗಿ ನಿಂತಿತು. ಕಾಗದವೂ ಬರಲಿಲ್ಲ, ಏನು ತಪ್ಪಾಯಿತೆಂಬ ಸುದ್ದಿಯೂ ಇಲ್ಲ. ವಿಳಾಸದ ಸಾಲಿನ ಬಲತುದಿಯಲ್ಲಿ ಸಾಸಿವೆಯಷ್ಟು ದೊಡ್ಡ ಗುರುತೊಂದು ಮಾತ್ರ ಮೂಡಿತ್ತು.

“ಬೆಳಿಗ್ಗೆ ನೆಟ್ ಚೆನ್ನಾಗಿದ್ದಾಗ ಸೀದಾ ಬರುತ್ತೆ ಸರ್. ಮಳೆ ಹಿಡಿದ್ರೆ ಪಾಪ್‌ಅಪ್ ಬ್ಲಾಕ್ ಅನ್ನತ್ತೆ” ಅಂದ ಹುಡುಗ.

ಮಳೆಗೂ ಪಾಪ್‌ಅಪ್ಪಿಗೂ ಎಲ್ಲಿಯ ನಂಟು ಅನ್ನಿಸಿತು. ಆಮೇಲೆ ವಿಚಾರ ಮಾಡಿದರೆ ಅವನ ಮಾತು ಅಕ್ಷರಶಃ ನಿಜ.

ಪಾಪ್‌ಅಪ್ ಜಾಹೀರಾತು ಶುರುವಾದದ್ದು ತೊಂಬತ್ತರ ದಶಕದಲ್ಲಿ, ಅಮೆರಿಕದ ಟ್ರೈಪಾಡ್ ಎಂಬ ಜಾಲತಾಣದಲ್ಲಿ. ಜನ ತಾವೇ ಕಟ್ಟಿಕೊಂಡ ಪುಟಗಳ ಒಳಗೆ ಜಾಹೀರಾತು ಹಾಕಿದರೆ, ಆ ಪುಟದಲ್ಲಿ ಏನಿದೆಯೋ ಅದಕ್ಕೂ ತಮಗೂ ಗಂಟು ಬೀಳುತ್ತದೆಂದು ಕಂಪನಿಗಳು ಹೆದರುತ್ತಿದ್ದವು. ಹಾಗಾಗಿ ಜಾಹೀರಾತಿಗೇ ಬೇರೆ ಕಿಟಕಿ ತೆರೆಯುವ ಕೋಡ್ ಬರೆದವರು ಈಥನ್ ಝುಕರ್‌ಮನ್. 2014ರಲ್ಲಿ ಅವರೇ ಪತ್ರಿಕೆಯಲ್ಲಿ ಲೇಖನ ಬರೆದು ಅದಕ್ಕಾಗಿ ಕ್ಷಮೆ ಕೇಳಿದರು. ಅಷ್ಟರೊಳಗೆ ಬ್ರೌಸರುಗಳು ಬಾಗಿಲು ಹಾಕಿಯಾಗಿತ್ತು. ಒಪೆರಾ ಮೊದಲಿಗರಲ್ಲಿ ಒಂದು. 2004ರ ಆಗಸ್ಟಿನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೂ ತಡೆಯನ್ನು ತಂದಿತು. ಅದೇ ನವೆಂಬರಿನಲ್ಲಿ ಫೈರ್‌ಫಾಕ್ಸ್ ಹುಟ್ಟುವಾಗಲೇ ತಡೆಯೊಂದಿಗೆ ಬಂತು. ಆಗಿನ ಸೈಬರ್ ಕೆಫೆಗಳಲ್ಲಿ ಕೂತವರಿಗೆ ಇದು ಎಂಥ ಉಪಕಾರವೆಂದು ಗೊತ್ತು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಫಲಿತಾಂಶ ನೋಡಲು ಹೋದರೆ, ಅರ್ಧ ಹೊತ್ತು ತಾನಾಗಿ ತೆರೆದುಕೊಂಡ ಕಿಟಕಿಗಳನ್ನು ಮುಚ್ಚುವುದರಲ್ಲೇ ಕಳೆಯುತ್ತಿತ್ತು.

ತಡೆಯ ನಿಯಮ ಬಹಳ ಸರಳ, ಅದರ ಚೆಲುವೂ ಅಲ್ಲೇ ಇದೆ. ಕಿಟಕಿಯಲ್ಲಿ ಏನಿದೆ ಎಂದು ಬ್ರೌಸರು ನೋಡುವುದಿಲ್ಲ, ಯಾರು ತೆರೆದರೆಂದು ನೋಡುತ್ತದೆ. ಮನುಷ್ಯನ ಬೆರಳು ಒತ್ತಿದ್ದಕ್ಕೆ ತೆರೆದರೆ ಸರಿ. ಪುಟ ತನ್ನಷ್ಟಕ್ಕೆ ತೆರೆದರೆ ಇಲ್ಲ. ಒಳ್ಳೆಯ ಜಾಹೀರಾತು, ಕೆಟ್ಟ ಜಾಹೀರಾತು ಎಂಬ ಪಂಚಾಯಿತಿಗೆ ಹೋಗದೆ, ಒಂದೇ ಪ್ರಶ್ನೆಯಲ್ಲಿ ಅಷ್ಟು ದೊಡ್ಡ ಕಾಟವನ್ನು ನಿವಾರಿಸಿದ್ದು ನಿಜಕ್ಕೂ ಮೆಚ್ಚಬೇಕಾದ ಕೆಲಸ.

ತೊಡಕು ಇರುವುದು ಬೆರಳಿನ ಆಯುಷ್ಯದಲ್ಲಿ. ಒತ್ತಿದ ಒಪ್ಪಿಗೆ ಎಷ್ಟು ಹೊತ್ತು ಚಾಲ್ತಿಯಲ್ಲಿರಬೇಕು? ಕ್ರೋಮ್ ಸುಮಾರು ಐದು ಸೆಕೆಂಡು ಎನ್ನುತ್ತದೆ. ಎಷ್ಟೋ ಜಾಲತಾಣಗಳು ಗುಂಡಿ ಒತ್ತಿದ ಮೇಲೆ ಸರ್ವರನ್ನು ಕೇಳಿ, ಉತ್ತರ ಬಂದ ನಂತರ ಕಿಟಕಿ ತೆರೆಯುತ್ತವೆ. ಬೆಂಗಳೂರಿನಲ್ಲಿ ಉತ್ತರ ಒಂದು ಸೆಕೆಂಡಿಗೆ ಬಂತು, ಕಿಟಕಿ ತೆರೆಯಿತು. ಟವರ್ ಸಿಗದೆ ಗುಡ್ಡ ಹತ್ತುವ ನಮ್ಮ ಕಡೆ, ಜಡಿಮಳೆಯಲ್ಲಿ, ಅದೇ ಉತ್ತರಕ್ಕೆ ಎಂಟು ಸೆಕೆಂಡು ಹಿಡಿಯಿತೆನ್ನಿ. ಅಷ್ಟರಲ್ಲಿ ಒಪ್ಪಿಗೆ ತೀರಿಹೋಗಿರುತ್ತದೆ. ಒತ್ತಿದ್ದು ಅದೇ ಗುಂಡಿಯಾದರೂ ಬ್ರೌಸರಿನ ಕಣ್ಣಿಗೆ ನೀವು ಕೇಳಿಯೇ ಇಲ್ಲ. ನೆಟ್ ನಿಧಾನವಿರುವ ಊರಿನವರ ಸಮ್ಮತಿಗೆ ಬೆಲೆ ಕಡಿಮೆಯಾಗುವ ಈ ಏರ್ಪಾಡನ್ನು ಯಾರೂ ಬೇಕೆಂದು ಮಾಡಿಲ್ಲ, ಆದರೆ ಪೆಟ್ಟು ಬೀಳುವುದು ನಮಗೇ.

ಇದರಲ್ಲಿ ನಾನು ಹೆಚ್ಚು ದೂರುವುದು ಪುಟ ಕಟ್ಟುವವರನ್ನು. ಒತ್ತಿದ ಕೂಡಲೇ ಕಿಟಕಿ ತೆರೆದು, ಆಮೇಲೆ ಅದರೊಳಗೆ ಕಾಗದ ತುಂಬಬಹುದು. ಇಲ್ಲವೇ ಅದೇ ಪುಟದಲ್ಲಿ ಡೌನ್‌ಲೋಡ್ ಕೊಂಡಿ ಕೊಡಬಹುದು. ಅರ್ಧ ದಿನದ ಕೆಲಸ. ಅದನ್ನು ಬಿಟ್ಟು ‘ಪಾಪ್‌ಅಪ್ ಬ್ಲಾಕರ್ ತೆಗೆಯಿರಿ’ ಎಂದು ಸೂಚನೆ ಹಾಕುತ್ತಾರೆ. ಬ್ರೌಸರಿನವರ ತಪ್ಪೂ ಇದೆ. ಬಾಗಿಲು ಹಾಕಿದ ಮೇಲೆ, ಹಾಕಿದ್ದೇನೆಂದು ಓದಲಾಗುವ ಭಾಷೆಯಲ್ಲಿ, ಕಾಣುವ ಗಾತ್ರದಲ್ಲಿ ಹೇಳಬೇಡವೇ?

ಆ ಹುಡುಗನ ಮಾನಿಟರಿನ ಅಂಚಿಗೆ ಒಂದು ಚೀಟಿ ಅಂಟಿಸಿತ್ತು, ಮಳೆಯ ತೇವಕ್ಕೆ ಶಾಯಿ ಕದಡಿತ್ತು. ಸೆಟ್ಟಿಂಗಿನಲ್ಲಿ ಎಲ್ಲೆಲ್ಲಿ ಹೋಗಿ ‘ಎಲ್ಲ ಸೈಟುಗಳಿಗೂ ಅಲೋ’ ಮಾಡಬೇಕೆಂಬ ಕ್ರಮ, ಒಂದರ ಕೆಳಗೊಂದು. ನನಗೆ ಆತಂಕವಾದದ್ದು ಅದನ್ನು ನೋಡಿ. ದಿನಕ್ಕೆ ಹತ್ತಾರು ಜನ ಅವನ ಹೆಗಲ ಮೇಲಿಂದ ಇಣುಕಿ ಕಲಿತು ಹೋಗುವುದು ಒಂದೇ ಪಾಠ: ಕೇಳಿದರೆ ಅಲೋ ಒತ್ತು, ಕೆಲಸ ಆಗುತ್ತದೆ.

ತೋಟದ ದಾರಿಗೆ ಅಡ್ಡ ಗಳ ಹಾಕುವುದಕ್ಕೆ ಸಾಗರದ ಕಡೆ ದಣಪೆ ಅನ್ನುತ್ತಾರೆ, ತೀರ್ಥಹಳ್ಳಿ ಕಡೆ ಉಣುಗೋಲು. ದನ ತಡೆಯಲು ಅದು ಸಾಕು. ಮಂಗ ಮರದ ಮೇಲಿಂದ ಬರುತ್ತದೆ. ಜಾಹೀರಾತಿನವರೂ ಹಾಗೇ ದಾರಿ ಬದಲಿಸಿದರು. ಕಿಟಕಿ ಬೇಡವೆಂದಾಗ ಪುಟದೊಳಗೇ ಪರದೆ ಎಳೆದರು, ಮುಚ್ಚುವ ಗುರುತನ್ನು ಬೆರಳಿಗೆ ಸಿಗದಷ್ಟು ಕಿರಿದು ಮಾಡಿದರು. ಆಮೇಲೆ ನೋಟಿಫಿಕೇಶನ್ ಬಂತು. ಇದು ಪಾಪ್‌ಅಪ್ಪಿಗಿಂತ ಕೆಟ್ಟದ್ದು, ಯಾಕೆಂದರೆ ಪುಟ ಮುಚ್ಚಿದ ಮೇಲೂ ಬೆನ್ನುಬಿಡದು. 2020ರ ಜನವರಿಯಲ್ಲಿ ಫೈರ್‌ಫಾಕ್ಸ್, ಮರುತಿಂಗಳು ಕ್ರೋಮ್ ಇದರ ಒಪ್ಪಿಗೆ ಕೇಳುವ ಬಗೆಗೂ ಲಗಾಮು ಹಾಕಿದವು. ಅಲೋ ಒತ್ತುವುದು ರೂಢಿಯಾಗಿಬಿಟ್ಟ ಬೆರಳಿಗೆ ಆ ಲಗಾಮು ಎಷ್ಟು ಉಪಯೋಗ?

ತೀರ್ಥಹಳ್ಳಿಯ ಚಿಕ್ಕಮ್ಮ ದಿನಾ ಬೆಳಿಗ್ಗೆ ಅಡಿಕೆ ಧಾರಣೆ ನೋಡುತ್ತಾರೆ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು. ಹೋದ ತಿಂಗಳು ಹೋದಾಗ, “ಫೋನಿಗೆ ವೈರಸ್ ಬಂದಿದೆಯಂತೆ ಮಾರಾಯ, ರಾತ್ರಿಯೆಲ್ಲ ಟಣ್ ಟಣ್ ಅಂತದೆ” ಅಂತ ಕೈಗಿತ್ತರು. ವೈರಸ್ ಇರಲಿಲ್ಲ. ಹಾಗೆಂದು ಹೆದರಿಸುವ ಕೆಂಪು ನೋಟಿಫಿಕೇಶನ್‌ಗಳಿದ್ದವು. ಕ್ರೋಮಿನ ಸೆಟ್ಟಿಂಗ್ ತೆಗೆದರೆ ಚಿಕ್ಕಮ್ಮನೇ ‘ಅನುಮತಿಸಿ’ ಒತ್ತಿದ ಹದಿನಾಲ್ಕು ತಾಣಗಳು. ಸಾಲದ್ದು, ಜೂಜಿನದ್ದು, ಯಾವುದೋ ದೇಶದ ಜ್ಯೋತಿಷ್ಯದ್ದು. ಒಂದೊಂದನ್ನೂ ಓದಿ ಹೇಳಿ ತೆಗೆದೆ. ಒಂದರ ಹೆಸರು ಹೇಳಿದಾಗ ಚಿಕ್ಕಮ್ಮ ಕೈ ಹಿಡಿದರು.

“ಅದು ಇರಲಿ. ಧಾರಣೆ ಬರೋದು ಅದರಲ್ಲೇ.”

ಅದೊಂದನ್ನು ಉಳಿಸಿದೆ.